ಮಳೆಗಾಲದ ತಯಾರಿಯಲ್ಲಿ ಬಿಟ್ಟುಹೋದ ಕೆಲಸ

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಸೀಮೆಯ ಒಂದು ಅಡಿಕೆ ಬೆಳೆಗಾರರ ಮನೆ. ಮೇ ತಿಂಗಳ ಕೊನೆ. ಮನೆಯ ಹಿರಿಯರು ದೊಡ್ಡಪ್ಪ, ಮಾತಿಗೆ ಕೂತವಳು ಅವರ ತಮ್ಮನ ಮಗಳು.

ದೊಡ್ಡಪ್ಪ: ಮಳೆ ಹಿಡಿಯುವ ಮುಂಚೆ ಮಲೆನಾಡಿನ ಮನೆಯಲ್ಲಿ ಏನೇನು ಆಗಬೇಕು ಅಂತ ಯಾರೂ ಪಟ್ಟಿ ಬರೆದುಕೊಡಬೇಕಾಗಿಲ್ಲ. ಹಂಚು ಕೈಯಾಡಿಸಬೇಕು, ಒಣ ಸೌದೆ ಒಳಗೆ ಸೇರಿಸಬೇಕು, ಎರಚಲು ಹೊಡೆಯುವ ಕಡೆಗೆ ಸೋಗೆ ಕಟ್ಟಬೇಕು, ತೋಟದ ಬಸಿಗಾಲುವೆ ಬಿಡಿಸಬೇಕು, ಮೈಲುತುತ್ತ ಸುಣ್ಣ ತಂದಿಡಬೇಕು. ಇದಕ್ಕೆ ಇನ್ನೊಂದು ಸೇರಿಸಿ ಅಂತ ನೀನು ಹೇಳುತ್ತಿದ್ದೀಯ: ಮನೆಯಲ್ಲಿ ಯಾರೂ ಜಾರಿ ಬೀಳದ ಹಾಗೆ ನೋಡಿಕೊಳ್ಳುವುದು. ಅದು ಪಟ್ಟಿಗೆ ಸೇರುವಂಥ ಕೆಲಸವೇ ಮಾರಾಯ್ತಿ? ವಯಸ್ಸಾದ ಮೇಲೆ ಕಾಲು ತಪ್ಪುತ್ತದೆ, ಗ್ರಹಚಾರ ಕೆಟ್ಟಿದ್ದರೆ ಮೂಳೆ ಮುರಿಯುತ್ತದೆ. ನೋಡಿಕೊಂಡು ನಡೆಯಿರಿ ಅಂತ ಹೇಳಬಹುದು. ಅದಕ್ಕಿಂತ ಹೆಚ್ಚು ಏನು ಮಾಡಲಿಕ್ಕಾಗುತ್ತದೆ?

ಮಗಳು: ಮೈಲುತುತ್ತದ ಮಾತು ನೀವೇ ತೆಗೆದಿರಿ ದೊಡ್ಡಪ್ಪ, ಅಲ್ಲಿಂದಲೇ ಶುರುಮಾಡುತ್ತೇನೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದರು, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬೆಳೆಗಾರರಿಗೆ ತೋರಿಸಿಕೊಟ್ಟರು. ಈಗ ಕೊಳೆಯನ್ನು ಗ್ರಹಚಾರ ಅಂತ ಯಾರೂ ಬಿಡುವುದಿಲ್ಲ. ಕಾಯಿ ಉದುರಲಿ, ಆಮೇಲೆ ನೋಡೋಣ ಅಂತ ಕಾಯುವುದೂ ಇಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತೀರಿ. ಬೀಳುವ ವಿಷಯದಲ್ಲೂ ಕಾರಣ ಗೊತ್ತಿದೆ, ಹೆಚ್ಚಾಗುವ ಕಾಲ ಗೊತ್ತಿದೆ, ತಡೆಯುವ ಉಪಾಯವೂ ಗೊತ್ತಿದೆ. ಹಾಗಿರುವಾಗ ಮುಂಚೆಯೇ ಮಾಡೋಣ ಅಂತ ನನ್ನ ವಾದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಎರಡನೆಯ ಸ್ಥಾನ ಇದಕ್ಕೇ. ಆಸ್ಪತ್ರೆಗೆ ಹೋಗಬೇಕಾದಷ್ಟು ಪೆಟ್ಟಾಗುವ ಪ್ರಸಂಗಗಳು ವರ್ಷಕ್ಕೆ 3.73 ಕೋಟಿ. ಸಾಯುವವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಕಡಿಮೆ ಮತ್ತು ಮಧ್ಯಮ ವರಮಾನದ ದೇಶಗಳವರು, ಅಂದರೆ ನಮ್ಮಂಥವರು. ವಯಸ್ಸಿನಲ್ಲಿ ನೋಡಿದರೆ 60 ದಾಟಿದವರೇ ಹೆಚ್ಚು. ಒಬ್ಬರು ಬಿದ್ದರೆಂದರೆ ಅಲ್ಲಿ ಅವರ ಮೈಯೂ ಇರುತ್ತದೆ, ಕಾಲಡಿಯ ನೆಲವೂ ಇರುತ್ತದೆ. ಮೈಗೆ ಬಲ ಬರಲು ತಿಂಗಳುಗಳು ಬೇಕು, ನೆಲ ಸರಿಮಾಡಲು ಒಂದೆರಡು ದಿನ ಸಾಕು. ನೋಡಿಕೊಂಡು ನಡೆಯಿರಿ ಎಂಬ ಬುದ್ಧಿಮಾತು ಹೊಣೆಯನ್ನೆಲ್ಲ ಮೈಯ ಮೇಲೆ ಹೊರಿಸಿ ನೆಲವನ್ನು ಹಾಗೇ ಬಿಟ್ಟುಬಿಡುತ್ತದೆ.

ದೊಡ್ಡಪ್ಪ: ಅದು ಜಗತ್ತಿನ ಲೆಕ್ಕವಾಯಿತು. ನಮ್ಮ ಅರಳಸುರಳಿ ಕಡೆ, ಹೊಸನಗರ, ಸಾಗರದ ಕಡೆ ಹಿಂದಿನವರು ಇದೇ ಜಗಲಿ, ಇದೇ ಬಚ್ಚಲು, ಇದೇ ಅಟ್ಟದ ಏಣಿ ಇಟ್ಟುಕೊಂಡು ಎಂಬತ್ತು ತೊಂಬತ್ತು ವರ್ಷ ಬದುಕಲಿಲ್ಲವೇ? ಬಚ್ಚಲಲ್ಲಿ ಹಿಡಿದುಕೊಳ್ಳಲಿಕ್ಕೆ ರಾಡು ಯಾರು ಹಾಕಿಸಿದ್ದರು? ಮೈ ಗಟ್ಟಿಯಿತ್ತು, ಬೀಳಲಿಲ್ಲ.

ಮಗಳು: ಇದೇ ಮನೆ ಅಂತೀರಿ, ನೆಲ ಅದೇ ಇದೆಯೇ? ಸಗಣಿ ಸಾರಿಸಿದ ಮಣ್ಣಿನ ನೆಲ ಒರಟಾಗಿತ್ತು, ನೀರು ಚೆಲ್ಲಿದರೆ ಹೀರಿಕೊಳ್ಳುತ್ತಿತ್ತು. ಆಮೇಲೆ ಕಾವಿ ನೆಲ ಬಂತು, ಉಜ್ಜಿ ಉಜ್ಜಿ ಹೊಳಪು ಬರಿಸಿದೆವು. ಈಗ ಟೈಲ್ಸ್ ಬಂದಿದೆ, ಒಂದು ಲೋಟ ನೀರು ಚೆಲ್ಲಿದರೆ ಎಲ್ಲಿ ಚೆಲ್ಲಿದೆ ಅಂತ ಕಣ್ಣಿಗೇ ಕಾಣುವುದಿಲ್ಲ. ಆಷಾಢದ ಥಂಡಿಯಲ್ಲಿ ಯಾರೂ ಚೆಲ್ಲದಿದ್ದರೂ ಈ ನೆಲ ಬೆವರುತ್ತದೆ. ಗಾಳಿಯ ತೇವ ತಣ್ಣಗಿನ ನುಣುಪು ಮೈಮೇಲೆ ನೀರಾಗಿ ಕೂರುತ್ತದೆ, ಹೀರಲು ಅಲ್ಲಿ ಮಣ್ಣಿಲ್ಲ. ಬಚ್ಚಲಲ್ಲಿ ಉಳಿಯ ಪೆಟ್ಟು ಕಾಣುತ್ತಿದ್ದ ಹಾಸುಗಲ್ಲಿನ ಜಾಗಕ್ಕೂ ಟೈಲ್ಸೇ ಬಂದಿದೆ, ಅದರ ಮೇಲೆ ಸೋಪಿನ ನೊರೆ. ಇನ್ನು ಮನೆಯ ಜನ. ಆಗ ಮನೆ ತುಂಬ ಜನರಿದ್ದರು, ರಾತ್ರಿ ಎದ್ದವರ ಸದ್ದಿಗೆ ಇನ್ನೊಬ್ಬರು ಎಚ್ಚರವಾಗುತ್ತಿದ್ದರು. ಈಗ ತೋಟದ ನಡುವಿನ ಎಷ್ಟೋ ಒಂಟಿಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿರುತ್ತದೆ, ಮಕ್ಕಳು ಬೆಂಗಳೂರಲ್ಲಿ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ 9.5 ಇದ್ದರು, ದೇಶದ ಸರಾಸರಿ 8.6.

ಹಿಂದಿನವರು ಬೀಳಲಿಲ್ಲ ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಿ ನೋಡಬೇಕು. ನಮ್ಮ ನೆನಪಿನಲ್ಲಿ ನಿಂತವರು ತೊಂಬತ್ತು ಕಂಡವರು. ಬಿದ್ದವರ ಸುದ್ದಿ ಬೇರೆ ಮಾತಿನಲ್ಲಿ ಉಳಿದಿದೆ: ಹಾಸಿಗೆ ಹಿಡಿದರು, ಮಳೆಗಾಲ ದಾಟಲಿಲ್ಲ. ಹಾಸಿಗೆ ಹಿಡಿಯುವ ಮುಂಚೆ ಏನಾಗಿತ್ತು ಅಂತ ಕೇಳಿದರೆ ಎಷ್ಟೋ ಸಲ ಬಚ್ಚಲೋ, ಅಂಗಳವೋ, ಕೊಟ್ಟಿಗೆಯ ಮೆಟ್ಟಿಲೋ ಹೊರಬರುತ್ತದೆ. ವಯಸ್ಸಾದವರಿಗೆ, ಅದರಲ್ಲೂ ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾದ ಹೆಂಗಸರಿಗೆ, ನಿಂತಲ್ಲಿಂದ ಬಿದ್ದರೂ ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿಯಬಹುದು. ಏಳಲಾಗದೆ ಮಲಗಿದವರಿಗೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ. ಕೊನೆಗೆ ಸತ್ತದ್ದು ವಯಸ್ಸಾಗಿ ಅಂತ ಆಗುತ್ತದೆ, ಜಾರಿದ ನೆಲದ ಹೆಸರು ಎಲ್ಲಿಯೂ ಬರುವುದಿಲ್ಲ. ಹೆಸರು ಬಾರದ ಕಾರಣವನ್ನು ಯಾರು ಸರಿಮಾಡುತ್ತಾರೆ?

ದೊಡ್ಡಪ್ಪ: ನೆಲ ಬದಲಾಗಿದೆ ಎಂಬುದನ್ನು ಒಪ್ಪಿದೆ. ಆದರೆ ನೆಲ ಸರಿಮಾಡಿದರೆ ಬೀಳುವುದು ಕಡಿಮೆಯಾಗುತ್ತದೆ ಅಂತ ಯಾರಾದರೂ ಲೆಕ್ಕ ಹಾಕಿ ನೋಡಿದ್ದಾರೆಯೇ? ಕೇಳಿದರೆ ಹೌದೆನಿಸುವುದು ಬೇರೆ, ನಿಜವಾಗಿ ಹಾಗೆ ಆಗುವುದು ಬೇರೆ.

ಮಗಳು: ನೋಡಿದ್ದಾರೆ. ನ್ಯೂಜಿಲೆಂಡಿನಲ್ಲಿ ತಾರಾನಾಕಿ ಅಂತ ಹೈನುಗಾರಿಕೆಯ ಸೀಮೆ ಇದೆ. ಅಲ್ಲಿ ಹೆಚ್ಚು ವರಮಾನವಿಲ್ಲದವರ 842 ಹಳೆಯ ಮನೆಗಳನ್ನು ಆರಿಸಿಕೊಂಡು, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನ ಮನೆಗಳಿಗೆ ಕೂಡಲೇ ರಿಪೇರಿ ಮಾಡಿಸಿದರು, ಇನ್ನೊಂದು ಪಾಲಿಗೆ ಅಧ್ಯಯನ ಮುಗಿದ ಮೇಲೆ. ಮಾಡಿಸಿದ ಕೆಲಸ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು, ಅಷ್ಟು ಸಾದಾ: ಮೆಟ್ಟಿಲಿಗೆ ರೇಲಿಂಗ್, ಬಚ್ಚಲಿಗೆ ಹಿಡಿಕೆ, ಹೊರಗಿನ ಮೆಟ್ಟಿಲ ಅಂಚು ಎದ್ದು ಕಾಣುವ ಹಾಗೆ ಪಟ್ಟಿ, ಜಾರುವ ಹೊರಜಗಲಿಗೆ ಒರಟು ಹೊದಿಕೆ, ಹೊರಗೆ ದೀಪ. 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ರಿಪೇರಿಯಾದ ಮನೆಗಳಲ್ಲಿ ಬಿದ್ದು ಗಾಯವಾಗುವುದು ನೂರಕ್ಕೆ 26ರಷ್ಟು ಕಡಿಮೆಯಾಗಿತ್ತು. 2023ರಲ್ಲಿ ಕಾಕ್ರೇನ್ ಸಂಸ್ಥೆ, ಇಂಥ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ಸಂಸ್ಥೆ ಅದು, ಹಿರಿಯರ ಮನೆಗಳಲ್ಲಿ ಬೀಳಿಸುವ ಅಡ್ಡಿಗಳನ್ನು ತೆಗೆದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ಅಲ್ಲಿಯೂ ಒಟ್ಟಾರೆ 26ರಷ್ಟೇ ಇಳಿಕೆ ಕಂಡಿತು. ಮುಂಚೆ ಬಿದ್ದವರು, ದಿನದ ಕೆಲಸಕ್ಕೆ ಇನ್ನೊಬ್ಬರ ಆಸರೆ ಬೇಕಾದವರು ಇರುವ ಮನೆಗಳಲ್ಲಿ ಇಳಿಕೆ ನೂರಕ್ಕೆ 38. ಅಂಥ ಅಪಾಯವಿಲ್ಲದ ಹಿರಿಯರ ಮನೆಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಎಲ್ಲಿಂದ ಶುರುಮಾಡಬೇಕು ಅಂತ ನಮಗೆ ತಿಳಿಯುವುದು ಅದರಿಂದಲೇ: ಹೋದ ವರ್ಷ ಒಂದು ಸಲವಾದರೂ ಬಿದ್ದವರಿರುವ ಮನೆ ಮೊದಲು, ಗೋಡೆ ಹಿಡಿದು ನಡೆಯುವವರಿರುವ ಮನೆ ಮೊದಲು.

ದೊಡ್ಡಪ್ಪ: ನಮ್ಮ ಕಡೆ ಬಿದ್ದು ಸಾಯುವವರು ಅಂದರೆ ಮೊದಲು ನೆನಪಾಗುವುದು ಅಡಿಕೆ ಮರದಿಂದ ಬಿದ್ದವರು. ಔಷಧಿ ಹೊಡೆಯುವಾಗ, ಕೊನೆ ಇಳಿಸುವಾಗ, ಒದ್ದೆ ಮರದ ಮೇಲೆ ಕಾಲು ಜಾರಿ ಹೋದವರು, ಬೆನ್ನುಮೂಳೆ ಮುರಿದು ಮೂಲೆ ಸೇರಿದವರು. ಅದನ್ನು ಬಿಟ್ಟು ನೀನು ಬಚ್ಚಲ ಮಾತಾಡುತ್ತೀಯಲ್ಲ.

ಮಗಳು: ಮರದಿಂದ ಬೀಳುವುದು ಭಯಂಕರವಾದದ್ದು. ಮರ ಹತ್ತುವವರಿಗೆ ಸೊಂಟಪಟ್ಟಿ ಬೇಕು, ನೆಲದಲ್ಲೇ ನಿಂತು ಕೆಲಸ ಮಾಡುವ ಕಾರ್ಬನ್ ಫೈಬರ್ ದೋಟಿ ಬಂದದ್ದು ಒಳ್ಳೆಯದಾಯಿತು, ಅದು ಇನ್ನೂ ಅಗ್ಗವಾಗಬೇಕು. ಆದರೆ ಮರ ಅಪಾಯ ಅಂತ ಎಲ್ಲರಿಗೂ ಗೊತ್ತು, ಹತ್ತುವವನಿಗೂ ಗೊತ್ತು, ಕೆಳಗೆ ನಿಂತವನಿಗೂ ಗೊತ್ತು. ಮರ ಹತ್ತುವವರು ಕೆಲವರು, ಅದೂ ಹಂಗಾಮಿನಲ್ಲಿ. ಬಚ್ಚಲಿಗೆ ಎಲ್ಲರೂ ಹೋಗುತ್ತಾರೆ, ದಿನಕ್ಕೆ ಹಲವು ಸಲ, ರಾತ್ರಿ ನಿದ್ದೆಗಣ್ಣಿನಲ್ಲೂ. ಅಪಾಯ ಅಂತ ಯಾರೂ ಎಣಿಸದ ಜಾಗವಾದ್ದರಿಂದ ಅಲ್ಲಿ ಎಚ್ಚರವೂ ಇರುವುದಿಲ್ಲ. ಒಂದನ್ನು ಮಾಡಲು ಇನ್ನೊಂದನ್ನು ಬಿಡಬೇಕಾದ ಪ್ರಶ್ನೆ ಇಲ್ಲಿಲ್ಲ.

ದೊಡ್ಡಪ್ಪ: ಸರಿ, ಹೊರಗಿನಿಂದ ಶುರುಮಾಡು. ಅಂಗಳಕ್ಕೆ ಏನು ಮಾಡಬೇಕು ಅಂತೀಯ? ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ತಾಲ್ಲೂಕು ಇದು. ಇಲ್ಲಿ ಹಾವಸೆ ಕಟ್ಟದ ಅಂಗಳ ಎಲ್ಲಿದೆ?

ಮಗಳು: ಇಡೀ ಅಂಗಳ ಗೆಲ್ಲುವುದು ಬೇಡ ದೊಡ್ಡಪ್ಪ, ನಡೆಯುವ ದಾರಿ ಗೆದ್ದರೆ ಸಾಕು. ಜಗಲಿಯಿಂದ ತುಳಸಿಕಟ್ಟೆಗೆ, ಹಿತ್ತಿಲ ಬಾಗಿಲಿಂದ ಕೊಟ್ಟಿಗೆಗೆ, ಬಾವಿಗೆ. ದಿನಾ ಕಾಲಿಡುವ ದಾರಿಗಳು ಎಲ್ಲ ಮನೆಯಲ್ಲೂ ನಾಲ್ಕೈದೇ. ನಮ್ಮ ಹಿರಿಯರು ಇದನ್ನು ತಿಳಿದೇ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಿದ್ದರು, ಸೋಗೆ ಹರಡುತ್ತಿದ್ದರು. ಈಗ ಸಿಮೆಂಟಿನ ಅಂಗಳವಾಯಿತು ಅಂತ ಎಷ್ಟೋ ಕಡೆ ಅದನ್ನು ಬಿಟ್ಟಿದ್ದಾರೆ. ಅಡಿಕೆ ಒಣಗಿಸಲಿ ಅಂತ ನುಣ್ಣಗೆ ಮಾಡಿದ ಸಿಮೆಂಟು ಮಳೆಯಲ್ಲಿ ಮಣ್ಣಿಗಿಂತ ಹೆಚ್ಚು ಜಾರುತ್ತದೆ. ದಬ್ಬೆ ಹಾಸಿದರೂ ಹೋದ ವರ್ಷದ್ದನ್ನೇ ಹಾಸಬಾರದು, ಕೊಳೆತ ದಬ್ಬೆಯೇ ಜಾರುತ್ತದೆ, ಕಾಲಿಟ್ಟರೆ ಹೊರಳುತ್ತದೆ. ಸಿಮೆಂಟಾದರೆ ನೆರಳಿರುವ ಕಡೆ, ಹಂಚಿನ ನೀರು ಬೀಳುವ ಕಡೆ ಹಾವಸೆ ಬೇಗ ಹಿಡಿಯುತ್ತದೆ. ಅಲ್ಲಿ ಮಳೆಗೆ ಮುಂಚೆ ಒಂದು ಸಲ, ಹೊಳವಾದಾಗ ಇನ್ನೊಂದು ಸಲ ಬ್ಲೀಚಿಂಗ್ ಪೌಡರ್ ಹಾಕಿ ತಂತಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಬೇಕು. ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಲೇಬಾರದು, ಕ್ಲೋರಿನ್ ವಿಷಾನಿಲ ಏಳುತ್ತದೆ. ನಡೆಯುವ ದಾರಿಯನ್ನು ಒರಟು ಚಿರೆಕಲ್ಲಿನಲ್ಲಿ ಹಾಸಿಬಿಟ್ಟರೆ ಕೆಲಸ ಅರ್ಧ ಮುಗಿಯಿತು, ಆಗಲೂ ವರ್ಷಕ್ಕೊಮ್ಮೆ ತಿಕ್ಕಬೇಕು.

ಇನ್ನು ಜಗಲಿ ಹತ್ತುವ ಮೆಟ್ಟಿಲು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಯ ಮೆಟ್ಟಿಲಿಗೆ ಎತ್ತರ 19 ಸೆಂಟಿಮೀಟರ್ ಮೀರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗೆ ಕಡಿಮೆ ಇರಬಾರದು ಅನ್ನುತ್ತದೆ. ನಮ್ಮಲ್ಲಿ ಕಲ್ಲು ಸಿಕ್ಕ ಹಾಗೆ ಮೆಟ್ಟಿಲಾಗಿದೆ: ಮೊದಲನೆಯದು ಗಿಡ್ಡ, ಎರಡನೆಯದು ಎತ್ತರ, ಮೂರನೆಯದು ಓರೆ. ಎತ್ತರಕ್ಕಿಂತ ಈ ಹೆಚ್ಚುಕಡಿಮೆಯೇ ಕೆಟ್ಟದ್ದು. ಮೊದಲ ಮೆಟ್ಟಿಲಲ್ಲಿ ಕಾಲು ಕಲಿತ ಅಳತೆ ಮುಂದಿನದಕ್ಕೆ ತಪ್ಪುತ್ತದೆ. ಮೆಟ್ಟಿಲು ಕೀಳಬೇಕಾಗಿಲ್ಲ. ಗಾರೆಯವರನ್ನು ಕರೆಸಿ ಎತ್ತರ ಸಮ ಮಾಡಿಸಿ, ಅಂಚಿಗೆ ಬಿಳಿ ಬಣ್ಣದ ಪಟ್ಟಿ ಬಳಿಯಿರಿ, ಒಂದು ಪಕ್ಕದಲ್ಲಿ ಜಿಐ ಪೈಪಿನದೋ ಗಟ್ಟಿ ಮರದ್ದೋ ರೇಲಿಂಗ್ ಹಾಕಿಸಿ.

ದೊಡ್ಡಪ್ಪ: ಮೆಟ್ಟಿಲಿಗೆ ಆಗಬಹುದು. ಬಚ್ಚಲಿಗೆ ಹಿಡಿಕೆ ಹಾಕಿಸುವುದು ಅಂದರೆ ಮನಸ್ಸು ಹಿಂದೆಗೆಯುತ್ತದೆ. ಬಂದವರು ನೋಡಿದರೆ ಈ ಮನೆಯಲ್ಲಿ ಯಾರೋ ಕಾಯಿಲೆಯವರಿದ್ದಾರೆ ಅಂದುಕೊಳ್ಳುತ್ತಾರೆ. ನಡೆಯಲಾರದವರಿಗೆ ಅದು ಇರಲಿ. ತೋಟ ಸುತ್ತಿ ಬರುವವನಿಗೆ ಬಚ್ಚಲಲ್ಲಿ ಹಿಡಿಕೆ ಯಾಕೆ?

ಮಗಳು: ಈ ನಾಚಿಕೆಯೇ ಎಲ್ಲಕ್ಕಿಂತ ದೊಡ್ಡ ಅಡ್ಡಿ, ಅದಕ್ಕೇ ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹಳೆಯ ಮನೆಗಳಲ್ಲಿ ಕಡಿದಾದ ಅಟ್ಟದ ಏಣಿಯ ಪಕ್ಕ ತೊಲೆಯಿಂದ ಹಗ್ಗ ಇಳಿಬಿಟ್ಟಿರುವುದನ್ನು ನೀವು ನೋಡಿದ್ದೀರಿ. ಹುಡುಗರೂ ಹಿಡಿದು ಹತ್ತುತ್ತಿದ್ದರು, ಅದನ್ನು ಕಾಯಿಲೆಯವರ ಹಗ್ಗ ಅಂತ ಯಾರೂ ಅನ್ನಲಿಲ್ಲ. ಬಚ್ಚಲ ಹಿಡಿಕೆಯೂ ಮನೆಯ ಎಲ್ಲರದ್ದು. ಬಸುರಿಗೆ ಬೇಕು, ಮಗುವಿಗೆ ಬೇಕು, ಒದ್ದೆ ಕಾಲಲ್ಲಿ ತಿರುಗುವ ಯಾರಿಗೂ ಬೇಕು. ತೋಟ ಸುತ್ತುವ ಕಾಲೂ ಸೋಪಿನ ನೊರೆಯ ಮೇಲೆ ನಿಂತಾಗ ಅದೇ ಕಾಲಾಗಿ ಉಳಿಯುವುದಿಲ್ಲ, ಅದರಲ್ಲೂ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿಕೊಂಡಾಗ. ನಿಂತ ನಿಲುವು ಕಾಯುವುದರಲ್ಲಿ ಕಣ್ಣಿಗೆ ದೊಡ್ಡ ಪಾಲಿದೆ.

ಹಾಕಿಸುವ ಕ್ರಮವನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಬೇಕು. ಟವೆಲ್ ಹಾಕುವ ರಾಡು, ನಲ್ಲಿ, ಹಂಡೆಯ ಕಟ್ಟೆ ಇವು ಯಾವುವೂ ಹಿಡಿಕೆಗಳಲ್ಲ. ಮೈಭಾರ ಬಿದ್ದ ಕೂಡಲೇ ಕಿತ್ತು ಬರುತ್ತವೆ, ಇಲ್ಲವೇ ಕೈ ಸುಡುತ್ತವೆ. ಇಟ್ಟಿಗೆ ಗೋಡೆಯಾದರೆ ಉದ್ದ ಬೋಲ್ಟಿನಲ್ಲಿ ಬಿಗಿಯಬಹುದು. ನಮ್ಮ ಹಳೆಯ ಮಣ್ಣಿನ ಗೋಡೆ ಸ್ಕ್ರೂ ಹಿಡಿಯುವುದಿಲ್ಲ. ಅಲ್ಲಿ ನೆಲದಿಂದ ಮೇಲಿನ ತೊಲೆಗೆ ಒಂದು ಮರದ ಕಂಬ ನಿಲ್ಲಿಸಿ, ಹಿಡಿಕೆಯನ್ನು ಆ ಕಂಬಕ್ಕೆ ಸೊಂಟದೆತ್ತರದಲ್ಲಿ ಕೂರಿಸಬೇಕು. ಹಾಕುವ ಮುಂಚೆ ಆ ಮನೆಯವರೇ ಮಿಂದು ಏಳುವ ಹಾಗೆ ಎದ್ದು ತೋರಿಸಲಿ, ಕೈ ತಾನಾಗಿ ಹೋಗುವ ಜಾಗದಲ್ಲೇ ಹಿಡಿಕೆ ಇರಲಿ. ಕೂತು ಸ್ನಾನ ಮಾಡಲು ಮಣೆಗಿಂತ ಎತ್ತರದ, ಅಗಲ ಕಾಲಿನ, ರಬ್ಬರ್ ಬುಡದ ಸ್ಟೂಲು ಒಳ್ಳೆಯದು, ನೆಲದಿಂದ ಏಳುವುದೇ ಕಷ್ಟದ ಕೆಲಸ. ಕಾಲಡಿಗೆ ಗೋಣಿ ಹಾಕುವುದು ಬೇಡ, ಅದು ಮಡಚಿಕೊಂಡು ಎಡವಿಸುತ್ತದೆ. ಕೆಳಗೆ ಹಿಡಿತವಿರುವ ರಬ್ಬರ್ ಮ್ಯಾಟ್ ಇರಲಿ. ಹಂಡೆಯ ಕುದಿನೀರನ್ನು ಮೊದಲು ಹಾಕಿ ಆಮೇಲೆ ತಣ್ಣೀರು ಬೆರೆಸುವ ರೂಢಿಯನ್ನು ತಿರುಗಿಸಬೇಕು, ಬಕೆಟ್ಟಿಗೆ ತಣ್ಣೀರು ಮೊದಲು. ಜಾರಿದವರ ಮೇಲೆ ಕುದಿನೀರು ಬಿದ್ದರೆ ಒಂದಕ್ಕೆ ಎರಡು ಅನಾಹುತ. ಬಚ್ಚಲ ಬಾಗಿಲು ಹೊರಗೆ ತೆರೆಯುವ ಹಾಗಿರಲಿ, ಚಿಲಕ ಹೊರಗಿನಿಂದಲೂ ತೆಗೆಯುವ ಹಾಗಿರಲಿ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ಏನು ಮಾಡಬೇಕು?

ದೊಡ್ಡಪ್ಪ: ಬಚ್ಚಲಾಯಿತು, ಅಲ್ಲಿಗೆ ಹೋಗುವ ದಾರಿಯ ಮಾತೇನು? ನಡುರಾತ್ರಿ ಎದ್ದರೆ ಕರೆಂಟಿರುವುದಿಲ್ಲ. ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಹೊಸ್ತಿಲು ತೆಗೆಸಿ ಅಂತ ಮಾತ್ರ ಹೇಳಬೇಡ, ಲಕ್ಷ್ಮಿ ಇರುವ ಜಾಗ ಅದು.

ಮಗಳು: ಹೊಸ್ತಿಲು ಇರಲಿ. ಅದರ ಎರಡೂ ಅಂಚಿಗೆ ತಿಳಿ ಬಣ್ಣ ಬಳಿದರೆ ಮಬ್ಬಿನಲ್ಲೂ ಕಾಣುತ್ತದೆ, ಬಾಗಿಲ ಚೌಕಟ್ಟಿಗೆ ಒಂದು ಹಿಡಿಕೆ ಹಾಕಿದರೆ ದಾಟುವಾಗ ಕೈಗೆ ಆಸರೆಯಾಗುತ್ತದೆ. ಅದರ ಹತ್ತಿರ ಹಳೆ ಸೀರೆಯ ಕಾಲೊರಸು, ಚಪ್ಪಲಿ ರಾಶಿ, ಚಾರ್ಜರಿನ ವಯರು, ಅಡಿಕೆ ಚೀಲ ಇರಕೂಡದು. ಕರೆಂಟು ಹೋದಾಗ ತಾನಾಗಿ ಹೊತ್ತುವ ಚಾರ್ಜ್ ಬಲ್ಬುಗಳು ಈಗ ಪೇಟೆಯಲ್ಲಿ ಎಲ್ಲ ಕಡೆ ಸಿಗುತ್ತವೆ. ಮಲಗುವ ಕೋಣೆಯಿಂದ ಬಚ್ಚಲಿನ ತನಕ ಮೂರು ಹಾಕಿದರೆ ಸಾಕು. ಟಾರ್ಚು ಗೂಟಕ್ಕೆ ಬೇಡ, ಮಲಗಿದಲ್ಲಿಂದ ಕೈಗೆ ಸಿಗುವ ಕಡೆ ಇರಲಿ. ಮಳೆಗಾಲದ ರಾತ್ರಿ ಹೊರಗಿನ ಪಾಯಖಾನೆಗೆ ಹೋಗಬೇಕಾದ ಮನೆಗಳಲ್ಲಿ ಹಿರಿಯರ ಮಂಚದ ಪಕ್ಕ ಕಮೋಡ್ ಕುರ್ಚಿ ಇಡುವುದರಲ್ಲಿ ಅವಮಾನವೇನೂ ಇಲ್ಲ. ನೆಲ ಬೆವರುವ ದಿನಗಳಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡಬಾರದು, ಕೊನೆಗೊಮ್ಮೆ ಒಣಬಟ್ಟೆ ಎಳೆಯಬೇಕು. ಅಡಿ ಸವೆದ ಹವಾಯಿ ಚಪ್ಪಲಿಯನ್ನು ಎಸೆಯುವುದಕ್ಕೆ ಅದರ ಬಾರು ಕಿತ್ತು ಬರುವ ತನಕ ಕಾಯಬಾರದು.

ದೊಡ್ಡಪ್ಪ: ನನ್ನ ಮುಖ್ಯ ಸಂದೇಹ ಬೇರೆ ಇದೆ. ತಲೆ ತಿರುಗಿ ಬೀಳುವವರಿಗೆ ನೆಲ ಒರಟಾದರೇನು, ನುಣುಪಾದರೇನು? ಬೆಂಗಳೂರಿನಿಂದ ಮಕ್ಕಳು ಫೋನಿನಲ್ಲಿ ಹೇಳುವುದೇ ಸರಿ ಅನ್ನಿಸುತ್ತದೆ: ಮಳೆಗಾಲದಲ್ಲಿ ಹೊರಗೆ ಹೋಗಬೇಡಿ, ತೋಟ ಬೇಡ, ಕೊಟ್ಟಿಗೆ ಬೇಡ, ಕೂತಿರಿ. ಕೂತವರು ಬೀಳುವುದಿಲ್ಲವಲ್ಲ.

ಮಗಳು: ಪ್ರೀತಿಯಿಂದ ಹೇಳುವ ಮಾತು ಅದು, ಆದರೆ ಅದರಿಂದ ತೊಂದರೆಯೇ ಹೆಚ್ಚು. ನಾಲ್ಕು ತಿಂಗಳು ಕೂತವರ ತೊಡೆಯ ಮಾಂಸ ಇಳಿಯುತ್ತದೆ, ನಿಲುವು ಕೆಡುತ್ತದೆ, ಮಳೆ ಬಿಟ್ಟ ಮೇಲೆ ಎದ್ದರೆ ಮೊದಲ ವಾರವೇ ಬೀಳುತ್ತಾರೆ. ಬಿದ್ದೇನು ಎಂಬ ಭಯಕ್ಕೆ ನಡೆಯುವುದು ಬಿಡುವುದು, ನಡೆಯುವುದು ಬಿಟ್ಟದ್ದಕ್ಕೆ ಬೀಳುವುದು, ಇದು ಹೀಗೇ ಸುತ್ತುತ್ತದೆ. 2019ರ ಕಾಕ್ರೇನ್ ಪರಿಶೀಲನೆಯಲ್ಲಿ ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವುದು ನೂರಕ್ಕೆ 23ರಷ್ಟು ಕಡಿಮೆಯಾಗಿದ್ದು ಕಂಡುಬಂತು. ಅದರಲ್ಲಿ ಮುಖ್ಯವಾದದ್ದು ಸಮತೋಲನದ ವ್ಯಾಯಾಮ. ಜಗಲಿಯ ಕಂಬ ಹಿಡಿದು ಒಂದು ಕಾಲಲ್ಲಿ ನಿಲ್ಲುವುದು, ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಯ ಪಕ್ಕ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಗೆರೆಯಲ್ಲಿ ನಡೆಯುವುದು, ಇವಕ್ಕೆ ಮಳೆ ಅಡ್ಡ ಬರುವುದಿಲ್ಲ. ತಲೆ ತಿರುಗುವುದಕ್ಕೂ ಕಾರಣಗಳಿವೆ. ಬಿಪಿ ಮಾತ್ರೆ ಹೆಚ್ಚಾಗಿರಬಹುದು, ನಿದ್ರೆ ಮಾತ್ರೆಯ ಮಂಪರು ಬೆಳಗಿನ ತನಕ ಉಳಿದಿರಬಹುದು, ಸಕ್ಕರೆ ಇಳಿದಿರಬಹುದು. ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮುಂದೆ ಸುರಿದು ಕೇಳಬೇಕು. ಕಣ್ಣಿನ ಪೊರೆ ತೆಗೆಸುವುದನ್ನು ಸುಗ್ಗಿ ಮುಗಿಯಲಿ ಅಂತ ವರ್ಷಗಟ್ಟಲೆ ಮುಂದೂಡಬಾರದು. ಮಲಗಿದವರು ಒಮ್ಮೆಲೇ ಏಳದೆ, ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಏಳಬೇಕು. ಇಷ್ಟಾದರೂ ತಲೆ ತಿರುಗಿದಾಗ ಹಿಡಿಯಲು ಹತ್ತಿರ ಏನಿದೆ, ಬಿದ್ದರೆ ತಲೆ ಯಾವ ಅಂಚಿಗೆ ಬಡಿಯುತ್ತದೆ ಎಂಬುದನ್ನು ಮನೆಯೇ ನಿರ್ಧರಿಸುತ್ತದೆ. ಆದ್ದರಿಂದ ಮೈಯ ಮಾತು ನೆಲದ ಮಾತನ್ನು ಅಳಿಸುವುದಿಲ್ಲ.

ದೊಡ್ಡಪ್ಪ: ತೋಟವಿರುವವರ ಮನೆಗೆ ಇದೆಲ್ಲ ನಡೆಯುತ್ತದೆ. ಕೂಲಿಗೆ ಬರುವವರ ಮನೆ ನೋಡು, ಒಂದೇ ಕೋಣೆ, ಸರ್ಕಾರ ಕೊಟ್ಟದ್ದು. ಗುಡ್ಡದ ಮಗ್ಗುಲಲ್ಲಿ ಮಣ್ಣಿನ ಮೆಟ್ಟಿಲು, ತಟ್ಟಿಯ ಬಚ್ಚಲು. ಅವರು ಯಾವ ದುಡ್ಡಿನಲ್ಲಿ ರೇಲಿಂಗ್ ಹಾಕಿಸಬೇಕು?

ಮಗಳು: ಈ ಪ್ರಶ್ನೆಗೆ ಮನೆಯವರಷ್ಟೇ ಉತ್ತರ ಕೊಡಲಾಗುವುದಿಲ್ಲ. ತಾರಾನಾಕಿಯಲ್ಲೂ ರಿಪೇರಿಯ ಖರ್ಚನ್ನು ಮನೆಯವರ ಮೇಲೆ ಹಾಕಿರಲಿಲ್ಲ. ನಮ್ಮಲ್ಲಿ ಹಿರಿಯರ ಆರೋಗ್ಯಕ್ಕೆ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವಿದೆ. ಬಡ ಹಿರಿಯರಿಗೆ ಊರುಗೋಲು, ವಾಕರ್, ಕನ್ನಡಕ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಬಂದಿದೆ. ಊರುಗೋಲು ಕೊಟ್ಟದ್ದು ಒಳ್ಳೆಯದು, ಆದರೆ ಅದನ್ನು ಊರುವ ಮೆಟ್ಟಿಲು ಮಣ್ಣಿನದೇ ಆಗಿ ಜಾರುತ್ತಿದ್ದರೆ ಕೊಟ್ಟದ್ದು ಅರ್ಧ ಸಹಾಯ. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಹಿರಿಯರಿರುವ ಕಡೆ ಒಂದು ಪ್ರಶ್ನೆ ಹೆಚ್ಚು ಕೇಳಬಹುದು: ಹೋದ ವರ್ಷ ಬಿದ್ದಿದ್ದಿರಾ, ಎಲ್ಲಿ? ಅದಕ್ಕೆ ಗೌರವಧನವೂ ಸೇರಬೇಕು, ಈಗಾಗಲೇ ಅವರ ಹೆಗಲ ಮೇಲೆ ಹೊರೆ ಹೆಚ್ಚಿದೆ. ಪಂಚಾಯಿತಿ ಆ ಪಟ್ಟಿ ಹಿಡಿದು ಬಡವರ ಮನೆಗೆ ಎರಡು ಕಲ್ಲಿನ ಮೆಟ್ಟಿಲು, ಒಂದು ಪೈಪು ಹಾಕಿಸಿಕೊಡಲಿ. ಸರ್ಕಾರ ಹಣ ಕೊಡುವ ಹೊಸ ಮನೆಗಳ ನಕ್ಷೆಯಲ್ಲೇ ಬಚ್ಚಲಿಗೆ ಒರಟು ಟೈಲ್ಸು, ಹಿಡಿಕೆ, ಸಮ ಮೆಟ್ಟಿಲು ಇರಲಿ. ಕಟ್ಟುವಾಗ ಅದರ ಖರ್ಚು ತೀರಾ ಕಡಿಮೆ, ಆಮೇಲೆ ಒಡೆದು ಹಾಕಿಸುವುದು ದುಬಾರಿ. ಇನ್ನು ಉಳ್ಳವರ ಮನೆಗಳಲ್ಲಿ ದುಡ್ಡಿಗಿಂತ ಕೈಗಳ ಕೊರತೆ. ಮೇ ತಿಂಗಳಲ್ಲಿ ಮಕ್ಕಳು ಮೊಮ್ಮಕ್ಕಳು ರಜೆಗೆ ಬಂದಿರುತ್ತಾರಲ್ಲ, ಫೋನಿನಲ್ಲಿ ಕೂತಿರಿ ಅಂತ ಹೇಳುವ ಅದೇ ಮಕ್ಕಳು ಎರಡು ದಿನ ಬ್ರಷ್ಷು, ಡ್ರಿಲ್ಲು ಹಿಡಿಯಲಿ.

ದೊಡ್ಡಪ್ಪ: ಇಷ್ಟೆಲ್ಲ ಮಾಡಿದ ಮೇಲೂ ಬಿದ್ದರೆ? ಆಗ ಗ್ರಹಚಾರ ಅನ್ನಬಹುದೇ?

ಮಗಳು: ಮಾಡಿದ ಮೇಲೂ ಬೀಳುವವರಿದ್ದಾರೆ. ನೂರಕ್ಕೆ 26 ಕಡಿಮೆಯಾಯಿತು ಅಂದರೆ ಉಳಿದ 74 ಆಗಿಯೇ ಆಗುತ್ತವೆ ಅಂತಲೂ ಅರ್ಥ. ಅದಕ್ಕೂ ತಯಾರಿ ಬೇಕು. ಬಿದ್ದವರನ್ನು ಗಡಿಬಿಡಿಯಲ್ಲಿ ಎತ್ತಿ ನಿಲ್ಲಿಸಬಾರದು. ತೊಡೆಸಂದಿ ನೋಯುತ್ತಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿದೆ ಅಂತಲೇ ತಿಳಿದು ಅಲುಗಿಸದೆ 108ಕ್ಕೆ ಫೋನು ಮಾಡಬೇಕು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು. ಒಬ್ಬರೇ ಇರುವವರು ಫೋನನ್ನು ಜಗಲಿಯಲ್ಲಿಡದೆ ಜೇಬಿನಲ್ಲೋ ಕೊರಳ ಚೀಲದಲ್ಲೋ ಇಟ್ಟುಕೊಳ್ಳಲಿ. ನೆಟ್‌ವರ್ಕ್ ಸಿಗದ ಕಡೆ ಬೆಳಗ್ಗೆ ಸಂಜೆ ಪಕ್ಕದ ಮನೆಯವರು ಕೂಗಿ ಕೇಳುವ ಒಪ್ಪಂದವಿರಲಿ. ಊರಿನಿಂದ ತೀರ್ಥಹಳ್ಳಿಗೆ, ಅಲ್ಲಿಂದ ಶಿವಮೊಗ್ಗಕ್ಕೋ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗಬೇಕಾದ ನಮಗೆ, ರಸ್ತೆಗೆ ಮರ ಅಡ್ಡ ಬಿದ್ದ ರಾತ್ರಿ ಆ ದಾರಿ ಎಷ್ಟು ಉದ್ದ ಅಂತ ನಿಮಗೆ ಹೇಳಬೇಕಾಗಿಲ್ಲ. ಪಟ್ಟಣದವರಿಗಿಂತ ಬೀಳದಂತೆ ತಡೆಯುವ ಅಗತ್ಯ ನಮಗೇ ಹೆಚ್ಚು.

ಗ್ರಹಚಾರ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ ದೊಡ್ಡಪ್ಪ. ಆ ಮಾತು ಬಂದ ಕೂಡಲೇ ವಿಚಾರಣೆ ನಿಂತುಹೋಗುತ್ತದೆ. ಬಿದ್ದ ಸುದ್ದಿ ಕೇಳಿದಾಗ ವಯಸ್ಸೆಷ್ಟು ಅಂತ ಕೇಳುವುದು ನಮ್ಮ ರೂಢಿ. ಅದರ ಬದಲು ಎಲ್ಲಿ ಬಿದ್ದರು, ಎಷ್ಟು ಹೊತ್ತಿಗೆ, ದೀಪವಿತ್ತೇ, ಕಾಲಲ್ಲಿ ಏನಿತ್ತು, ಕೈಗೆ ಹಿಡಿಯಲು ಏನಿತ್ತು ಅಂತ ಕೇಳಬೇಕು. ಪೆಟ್ಟಾಗದೆ ಬಚಾವಾದವರನ್ನೂ ಕೇಳಬೇಕು, ಮುಂದೆ ಮೂಳೆ ಮುರಿಯಬಹುದಾದ ಜಾಗವನ್ನು ತೋರಿಸಿಕೊಡುವವರು ಅವರೇ.

ದೊಡ್ಡಪ್ಪ: ಒಂದು ಮಾತು ನನ್ನದೂ ಇರಲಿ. ಮಕ್ಕಳು ಬಂದು ನಮ್ಮನ್ನು ಕೇಳದೆ ಮನೆಯನ್ನು ಆಸ್ಪತ್ರೆ ಮಾಡಿ ಹೋದರೆ, ಅವರು ಬಸ್ಸು ಹತ್ತಿದ ಮಾರನೆಯ ದಿನ ಎಲ್ಲ ಕಿತ್ತು ಮೂಲೆಗೆ ಬೀಳುತ್ತದೆ. ಎಲ್ಲಿ ಕಾಲು ತಪ್ಪುತ್ತದೆ ಅಂತ ಮನೆಯಲ್ಲಿ ನಡೆಯುವವನಿಗೆ ಗೊತ್ತು. ನಾನು ತೋರಿಸಿದ ಕಡೆಗೆ ಹಾಕಿ. ಬಚ್ಚಲ ಕಂಬ ಮೊದಲಾಗಲಿ, ಕೊಟ್ಟಿಗೆ ದಾರಿ ಆಮೇಲೆ.

ಮಗಳು: ಆ ಮಾತು ನೂರಕ್ಕೆ ನೂರು ಸರಿ. ಮನೆಯವರು ಒಪ್ಪಿ ಹಾಕಿಸಿದ್ದೇ ಉಳಿಯುವುದು, ಬಳಕೆಯಾಗುವುದು. ನೀವು ಜಾಗ ಗುರುತು ಮಾಡಿ, ಕಂಬಕ್ಕೆ ಬೇಕಾದ ಮರ ಅಳೆದು ಇವತ್ತೇ ಬಡಗಿಗೆ ಹೇಳೋಣ.